ವೋಲ್ಟೇಜ್ ತಗ್ಗಿಸುವ ಪುಟ್ಟ ಪರಿವರ್ತಕಗಳು ಮತ್ತು ನಮ್ಮ ವರ್ತಕರ ಹೊಣೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರ ಜೂನ್ ತಿಂಗಳಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಮೂರು ವರ್ಷಗಳ ತರುವಾಯ, 1905ರಲ್ಲಿ, ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಈ ಸಾಧನೆಯ ಹಿಂದಿದ್ದ ತತ್ತ್ವ ಸರಳವಾದುದು. ವಿದ್ಯುತ್ತನ್ನು ದೂರಕ್ಕೆ ಸಾಗಿಸಬೇಕಾದರೆ ಅದರ ವೋಲ್ಟೇಜನ್ನು ಏರಿಸಬೇಕು. ಬಳಸುವ ಸ್ಥಳದಲ್ಲಿ ಅದನ್ನು ಮತ್ತೆ ತಗ್ಗಿಸಬೇಕು. ಏರಿಸುವ ಮತ್ತು ತಗ್ಗಿಸುವ ಈ ಎರಡು ಕಾರ್ಯಗಳು ಸರಿಯಾಗಿ ನಡೆಯದಿದ್ದರೆ ಜಲಪಾತದಲ್ಲಿ ಎಷ್ಟೇ ಶಕ್ತಿಯಿದ್ದರೂ ಗಣಿಯ ಯಂತ್ರ ತಿರುಗುತ್ತಿರಲಿಲ್ಲ.

ಇಂದು ಅದೇ ತಗ್ಗಿಸುವ ಕಾರ್ಯವು ಬೆಂಕಿಪೆಟ್ಟಿಗೆಗಿಂತಲೂ ಚಿಕ್ಕದಾದ ಒಂದು ಬಿಲ್ಲೆಯ ಮೇಲೆ ನಡೆಯುತ್ತಿದೆ. 12 ಅಥವಾ 24 ವೋಲ್ಟಿನ ಬ್ಯಾಟರಿಯಿಂದ 5 ವೋಲ್ಟ್, 4 ವೋಲ್ಟ್, 3.3 ವೋಲ್ಟ್ ಪಡೆಯಲು ವಿದ್ಯಾರ್ಥಿಗಳೂ ಹವ್ಯಾಸಿಗಳೂ ಬಳಸುವ ‘ಬಕ್ ಕನ್ವರ್ಟರ್’ ಎಂಬ ಈ ಪರಿವರ್ತಕವು ಬಹುಮಟ್ಟಿಗೆ ಅಂಚೆ ಮತ್ತು ಕೊರಿಯರ್ ಮೂಲಕ ನಮ್ಮ ಜಿಲ್ಲೆಗೆ ಬರುತ್ತಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯುತ್ ಸಾಮಗ್ರಿ ವರ್ತಕರು ಇದನ್ನು ಮಕ್ಕಳ ಆಟಿಕೆ ಎಂದು ಬದಿಗಿರಿಸಿರುವುದು ಉಚಿತವಲ್ಲ ಎಂಬುದೇ ಈ ಲೇಖನದ ವಾದ. ಈ ವಸ್ತುವಿನ ಬೆಲೆ ಸಣ್ಣದು. ಆದರೆ ಅದರ ಗುಣಮಟ್ಟದ ಮೇಲೆ ನಿಂತಿರುವ ಸಂಗತಿಗಳು ಸಣ್ಣವಲ್ಲ.

ಇದು ಮಾಡುವ ಕೆಲಸವೇನು?

ಎ.ಸಿ. ವಿದ್ಯುತ್ತಿನ ವೋಲ್ಟೇಜನ್ನು ತಗ್ಗಿಸಲು ಟ್ರಾನ್ಸ್‌ಫಾರ್ಮರ್ ಇದೆ. ಬ್ಯಾಟರಿ ಮತ್ತು ಸೌರಫಲಕಗಳಿಂದ ದೊರೆಯುವ ಡಿ.ಸಿ. ವಿದ್ಯುತ್ತಿಗೆ ಟ್ರಾನ್ಸ್‌ಫಾರ್ಮರ್ ನೇರವಾಗಿ ಉಪಯೋಗಕ್ಕೆ ಬಾರದು. ಆದ್ದರಿಂದ ಹಿಂದಿನಿಂದಲೂ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ರಿಪೇರಿಯವರು 7805 ಎಂಬ ಮೂರು ಕಾಲಿನ ರೆಗ್ಯುಲೇಟರನ್ನು ಬಳಸುತ್ತ ಬಂದಿದ್ದಾರೆ. ಅದು ನಂಬಿಕೆಗೆ ಅರ್ಹವಾದ ವಸ್ತುವೇ ಸರಿ. ಆದರೆ ಅದು ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಸುಟ್ಟು ಕಳೆಯುತ್ತದೆ. 12 ವೋಲ್ಟಿನಿಂದ 5 ವೋಲ್ಟಿಗೆ ಇಳಿಸಿ ಅರ್ಧ ಆಂಪಿಯರ್ ಪಡೆಯುವಾಗ 2.5 ವಾಟ್ ಉಪಯೋಗಕ್ಕೆ ಬಂದರೆ 3.5 ವಾಟ್ ಬಿಸಿಯಾಗಿ ಹೋಗುತ್ತದೆ. ಅಂದರೆ ದಕ್ಷತೆ ಶೇಕಡಾ 42ರಷ್ಟು ಮಾತ್ರ. ಹೀಟ್ ಸಿಂಕ್ ಇಲ್ಲದಿದ್ದಲ್ಲಿ ಅದು ಅತಿಯಾಗಿ ಕಾದು ತನ್ನಷ್ಟಕ್ಕೆ ತಾನೇ ಸ್ಥಗಿತಗೊಳ್ಳುತ್ತದೆ.

ಬಕ್ ಕನ್ವರ್ಟರಿನ ಮಾರ್ಗ ಬೇರೆ. ಅದರೊಳಗಿನ ಟ್ರಾನ್ಸಿಸ್ಟರು ಸೆಕೆಂಡಿಗೆ ಲಕ್ಷಾಂತರ ಬಾರಿ ಸ್ವಿಚ್ಚಿನಂತೆ ಮುಚ್ಚಿ ತೆರೆಯುತ್ತದೆ. ತಂತಿಯ ಸುರುಳಿ ಮತ್ತು ಕೆಪಾಸಿಟರ್‌ಗಳು ಆ ತುಣುಕು ವಿದ್ಯುತ್ತನ್ನು ಸಮಗೊಳಿಸಿ ಹೊರಗೆ ಕೊಡುತ್ತವೆ. ನಾಲೆಯ ತೂಬನ್ನು ಪಾಳಿಯ ಪ್ರಕಾರ ತೆರೆದು ಮುಚ್ಚಿ ಗದ್ದೆಗೆ ಬೇಕಾದಷ್ಟೇ ನೀರು ಬಿಡುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಹೆಚ್ಚು ಬಳಕೆಯಲ್ಲಿರುವ ಎಲ್‌ಎಂ 2596 ಚಿಪ್ಪಿನ ತಯಾರಕರು 12 ವೋಲ್ಟಿನಿಂದ 5 ವೋಲ್ಟಿಗೆ ಇಳಿಸುವಾಗ ಶೇಕಡಾ 80ರಷ್ಟು ದಕ್ಷತೆಯನ್ನು ಸೂಚಿಸಿದ್ದಾರೆ.

ಈ ವ್ಯತ್ಯಾಸದ ಫಲವನ್ನು ಲೆಕ್ಕದಲ್ಲಿ ನೋಡೋಣ. 12 ವೋಲ್ಟ್, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಿಂದ 5 ವೋಲ್ಟಿನ ಅರ್ಧ ಆಂಪಿಯರ್ ಉಪಕರಣವನ್ನು 7805 ಮೂಲಕ ನಡೆಸಿದರೆ ಲೆಕ್ಕಕ್ಕೆ 14 ಗಂಟೆ ನಡೆದೀತು. ಶೇಕಡಾ 80 ದಕ್ಷತೆಯ ಬಕ್ ಕನ್ವರ್ಟರ್ ಮೂಲಕವಾದರೆ ಸುಮಾರು 27 ಗಂಟೆ. ಬ್ಯಾಟರಿಯನ್ನು ಪೂರ್ಣ ಬರಿದು ಮಾಡಬಾರದೆಂಬ ಕಾರಣದಿಂದ ಎರಡು ಅಂಕಿಗಳೂ ವ್ಯವಹಾರದಲ್ಲಿ ಕಡಿಮೆಯಾಗುತ್ತವೆ. ಅನುಪಾತ ಮಾತ್ರ ಹಾಗೆಯೇ ಉಳಿಯುತ್ತದೆ.

ನಮ್ಮ ತಾಲ್ಲೂಕುಗಳಿಗೆ ಇದರ ಸಂಬಂಧ

ಇದು ಕಾಲೇಜಿನ ಪ್ರಯೋಗಾಲಯದ ಮಾತಷ್ಟೇ ಅಲ್ಲ. ಮಂಡ್ಯದಲ್ಲಿ 1962ರಿಂದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಪಾಲಿಟೆಕ್ನಿಕ್ ಮತ್ತು ಐ.ಟಿ.ಐ.ಗಳೂ ಇವೆ. ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗಾಗಿ ಕೇಂದ್ರ ಸರ್ಕಾರವು ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ನೀಡುವ ಯೋಜನೆ 2016ರಲ್ಲಿ ಜಾರಿಗೆ ಬಂದ ನಂತರ ಪ್ರೌಢಶಾಲೆಯ ಮಕ್ಕಳೂ ಮೈಕ್ರೋಕಂಟ್ರೋಲರ್ ಬಿಲ್ಲೆಗಳನ್ನು ಕೈಯಲ್ಲಿ ಹಿಡಿಯುವಂತಾಗಿದೆ. ಹೀಗೆ ಕಲಿತ ಯುವಕರು ಊರಿಗೆ ಮರಳಿದಾಗ ಅವರ ಕಣ್ಣಿಗೆ ಮೊದಲು ಬೀಳುವುದು ಸುತ್ತಲಿನ ಕೃಷಿಯ ತೊಡಕುಗಳೇ.

ಪಂಪ್‌ಸೆಟ್ಟಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ತ್ರೀ-ಫೇಸ್ ವಿದ್ಯುತ್ತು ಬರುವ ವೇಳೆಗೆ ರಾತ್ರಿ ಗದ್ದೆಗೆ ನಡೆದು ಹೋಗುವ ಕಷ್ಟವನ್ನು ತಪ್ಪಿಸಲು ಮೊಬೈಲ್ ಕರೆಯಿಂದ ಚಾಲನೆಗೊಳ್ಳುವ ಸ್ಟಾರ್ಟರುಗಳು ಬಳಕೆಗೆ ಬಂದಿವೆ. ಹವ್ಯಾಸಿಗಳು ಸ್ವತಃ ಇಂಥದ್ದನ್ನು ತಯಾರಿಸುವಾಗ ಬಳಸುವ ಸಿಮ್ 800ಎಲ್ ಎಂಬ ಜಿ.ಎಸ್.ಎಂ. ಬಿಲ್ಲೆಗೆ 3.4ರಿಂದ 4.4 ವೋಲ್ಟಿನ ನಡುವಣ ಪೂರೈಕೆ ಬೇಕು. ಟವರಿನೊಡನೆ ಸಂಪರ್ಕಿಸುವ ಗಳಿಗೆಯಲ್ಲಿ ಅದು 2 ಆಂಪಿಯರಿನಷ್ಟು ಪ್ರವಾಹವನ್ನು ಎಳೆಯುತ್ತದೆ. ಪರಿವರ್ತಕವು ದುರ್ಬಲವಾಗಿದ್ದರೆ, ಅಥವಾ ತಂತಿ ತೆಳುವಾಗಿದ್ದರೆ, ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಬಿಲ್ಲೆ ಮರುಚಾಲನೆಗೊಳ್ಳುತ್ತದೆ. ರೈತನು ‘ನೆಟ್‌ವರ್ಕ್ ಸರಿಯಿಲ್ಲ’ ಎಂದುಕೊಳ್ಳುತ್ತಾನೆ, ದೋಷವಿರುವುದು ಪರಿವರ್ತಕದಲ್ಲಿ. ಬಿಲ್ಲೆಯ ಪಕ್ಕದಲ್ಲಿಯೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಜೋಡಿಸಿದರೆ ಅನೇಕ ವೇಳೆ ಈ ತೊಂದರೆ ನಿವಾರಣೆಯಾಗುತ್ತದೆ. ಇದನ್ನು ಗಿರಾಕಿಗೆ ತಿಳಿಸಬಲ್ಲವನು ಕೌಂಟರಿನ ಹಿಂದೆ ನಿಂತ ವರ್ತಕನೇ ಹೊರತು ಕೊರಿಯರ್ ಹುಡುಗನಲ್ಲ.

ಮದ್ದೂರು, ಮಳವಳ್ಳಿ ಭಾಗದ ರೇಷ್ಮೆ ಸಾಕಣೆ ಮನೆಗಳದು ಇನ್ನೊಂದು ಉದಾಹರಣೆ. ಚಾಕಿ ಹಂತದ ಹುಳುಗಳಿಗೆ 27-28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 85-90ರ ಆರ್ದ್ರತೆ ಬೇಕು. ಬೆಳೆದ ಹುಳುಗಳಿಗೆ 24-25 ಡಿಗ್ರಿ ಮತ್ತು ಶೇಕಡಾ 70ರ ಆಸುಪಾಸು ಹಿತಕರ. ಇದನ್ನು ಅಳೆದು ಫ್ಯಾನ್ ಅಥವಾ ತುಂತುರು ಯಂತ್ರವನ್ನು ನಡೆಸುವ ಚಿಕ್ಕ ಸಲಕರಣೆಯನ್ನು ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಕಡಿಮೆ ವೆಚ್ಚದಲ್ಲಿ ರೂಪಿಸಬಲ್ಲನು. ಆದರೆ ನಡುರಾತ್ರಿ ಪರಿವರ್ತಕ ಕೆಟ್ಟು ಸಲಕರಣೆ ನಿಂತರೆ ನಷ್ಟವಾಗುವುದು ನೂರು ರೂಪಾಯಿಯ ಬಿಲ್ಲೆಯಲ್ಲ. ಒಂದು ಇಡೀ ಬೆಳೆ.

ಅಗ್ಗದ ಬಿಲ್ಲೆಗಳ ದೋಷಗಳು

ಬಿಲ್ಲೆಯ ಮೇಲೆ ‘3 ಆಂಪಿಯರ್’ ಎಂದು ನಮೂದಾಗಿರುವುದು ಚಿಪ್ಪಿನ ಸಾಮರ್ಥ್ಯವೇ ಹೊರತು ಇಡೀ ಬಿಲ್ಲೆ ನಿರಂತರವಾಗಿ ಕೊಡಬಲ್ಲ ಪ್ರವಾಹವಲ್ಲ. ಹೀಟ್ ಸಿಂಕ್ ಇಲ್ಲದ ಚಿಕ್ಕ ಬಿಲ್ಲೆಯಿಂದ 2 ಆಂಪಿಯರ್ ಮೀರಿ ಸತತವಾಗಿ ಪಡೆಯುವುದು ಕ್ಷೇಮಕರವಲ್ಲ. ಬೇಸಿಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿದ್ದರೆ ಅದಕ್ಕಿಂತಲೂ ಕಡಿಮೆಗೆ ನಿಲ್ಲಿಸುವುದು ಲೇಸು.

ಎರಡನೆಯದು ನಕಲಿ ಚಿಪ್ಪುಗಳ ಹಾವಳಿ. ಮೂಲ ಎಲ್‌ಎಂ 2596 ಚಿಪ್ಪು 150 ಕಿಲೋಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತದೆ. ಅದೇ ಹೆಸರನ್ನು ಹೊತ್ತು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ನಡೆಯುವ ಚಿಪ್ಪುಗಳು ಮಾರುಕಟ್ಟೆಯಲ್ಲಿವೆ. ನಿಧಾನವಾಗಿ ನಡೆಯುವ ಚಿಪ್ಪಿಗೆ ದೊಡ್ಡ ಸುರುಳಿ ಬೇಕು. ಬಿಲ್ಲೆಯ ಮೇಲಿರುವುದು ಚಿಕ್ಕ ಸುರುಳಿ. ಪರಿಣಾಮವಾಗಿ ಬಿಲ್ಲೆ ಕಾಯುತ್ತದೆ, ಹೊರಬರುವ ವಿದ್ಯುತ್ತಿನಲ್ಲಿ ಏರಿಳಿತ ಹೆಚ್ಚುತ್ತದೆ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಆಸಿಲೋಸ್ಕೋಪಿನ ಸಹಾಯವಿಲ್ಲದೆ ಭೇದ ತಿಳಿಯುವುದು ಕಷ್ಟ.

ಮೂರನೆಯದು ಒಳಬರುವ ವೋಲ್ಟೇಜಿನ ಮಿತಿ. ಎಲ್‌ಎಂ 2596 ಚಿಪ್ಪಿನ ಮಿತಿ 40 ವೋಲ್ಟ್. ಇನ್ನೂ ಚಿಕ್ಕದಾದ ಎಂಪಿ 1584 ಚಿಪ್ಪಿನದು 28 ವೋಲ್ಟ್. ‘12 ವೋಲ್ಟಿನ’ ಸೌರಫಲಕವು ಹೊರೆಯಿಲ್ಲದಾಗ 21-22 ವೋಲ್ಟ್ ಕೊಡುತ್ತದೆ. 72 ಕೋಶಗಳ ‘24 ವೋಲ್ಟಿನ’ ಫಲಕವು 44 ವೋಲ್ಟ್ ಮುಟ್ಟುತ್ತದೆ. ಹೆಸರನ್ನು ನಂಬಿ ಫಲಕವನ್ನು ನೇರವಾಗಿ ಬಿಲ್ಲೆಗೆ ಜೋಡಿಸಿದವನು ಮೊದಲ ಬಿಸಿಲಿಗೇ ಅದನ್ನು ಕಳೆದುಕೊಳ್ಳುತ್ತಾನೆ. ಟ್ರ್ಯಾಕ್ಟರ್ ಮುಂತಾದ ವಾಹನಗಳಲ್ಲಿ ಬ್ಯಾಟರಿಯ ಜೋಡಣೆ ಸಡಿಲವಾದಾಗ ಏಳುವ ಆಘಾತಗಳೂ ಕ್ಷಣಕಾಲ 40 ವೋಲ್ಟ್ ಮೀರಬಲ್ಲವು.

ನಾಲ್ಕನೆಯದು ಅತ್ಯಂತ ಗಂಭೀರವಾದುದು. ಬಿಲ್ಲೆಯೊಳಗಿನ ಸ್ವಿಚ್ ಟ್ರಾನ್ಸಿಸ್ಟರು ಶಾರ್ಟ್ ಆದರೆ ಒಳಬಂದ 12 ಅಥವಾ 24 ವೋಲ್ಟ್ ನೇರವಾಗಿ ಹೊರಗೆ ಹರಿಯುತ್ತದೆ. ವೋಲ್ಟೇಜನ್ನು ಹೊಂದಿಸುವ ನೀಲಿ ಬಣ್ಣದ ಪ್ರಿಸೆಟ್ಟಿನ ಸಂಪರ್ಕ ಬಿಟ್ಟುಹೋದರೂ ಹಾಗೆಯೇ ಆಗುವ ಸಂಭವವಿದೆ. 5 ವೋಲ್ಟಿಗೆ ತಯಾರಾದ ಮೈಕ್ರೋಕಂಟ್ರೋಲರ್, ಜಿ.ಎಸ್.ಎಂ. ಬಿಲ್ಲೆ, ಸಂವೇದಕಗಳೆಲ್ಲವೂ ಒಮ್ಮೆಗೇ ನಾಶವಾಗುತ್ತವೆ. ಆದುದರಿಂದ ಒಳಬರುವ ತಂತಿಗೆ ಒಂದು ಫ್ಯೂಸ್, ಹೊರಹೋಗುವ ತುದಿಗೆ ಸೂಕ್ತ ಬೆಲೆಯ ರಕ್ಷಕ ಡಯೋಡ್ ಹಾಕುವುದು ಅವಶ್ಯಕ. ಪ್ರಯೋಗ ಮುಗಿದು ಉಪಕರಣವು ಹೊಲಕ್ಕೆ ಹೋಗುವ ಮುನ್ನ ಪ್ರಿಸೆಟ್ಟನ್ನು ತೆಗೆದು ಸ್ಥಿರ ರೆಸಿಸ್ಟರನ್ನು ಬೆಸುಗೆ ಹಾಕುವುದು ವಿವೇಕಯುತ.

ಬಕ್ ಕನ್ವರ್ಟರು ಸರ್ವರೋಗ ನಿವಾರಕವೂ ಅಲ್ಲ. ಎಲ್‌ಎಂ 2596 ಚಿಪ್ಪು ಹೊರೆಯಿಲ್ಲದಾಗಲೂ ಸುಮಾರು 5 ಮಿಲಿಆಂಪಿಯರ್ ಎಳೆಯುತ್ತದೆ. ತಿಂಗಳಿಗೆ ಲೆಕ್ಕ ಹಾಕಿದರೆ 3.6 ಆಂಪಿಯರ್-ಗಂಟೆ, ಅಂದರೆ 7 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧದಷ್ಟು! ದಿನಕ್ಕೆ ನಾಲ್ಕು ಬಾರಿ ಮಾತ್ರ ಎಚ್ಚರಗೊಂಡು ಮಣ್ಣಿನ ತೇವವನ್ನು ಅಳೆಯುವ ಉಪಕರಣಕ್ಕೆ ಇದು ಸಲ್ಲದು. ಅಲ್ಲಿ ಕಡಿಮೆ ಸ್ವಂತಬಳಕೆಯ ರೆಗ್ಯುಲೇಟರೇ ಸೂಕ್ತ. ಯಾವ ಕೆಲಸಕ್ಕೆ ಯಾವುದು ಎಂಬ ಈ ತಿಳಿವಳಿಕೆಯೇ ವರ್ತಕನ ನಿಜವಾದ ಬಂಡವಾಳ.

230 ವೋಲ್ಟಿನ ಗೆರೆ

ಇಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯುವುದು ಅಗತ್ಯ. ಮೇಲೆ ವಿವರಿಸಿದ ಬಿಲ್ಲೆಗಳು ಬ್ಯಾಟರಿ ಮತ್ತು ಅಡಾಪ್ಟರಿನ ಕಡಿಮೆ ವೋಲ್ಟೇಜಿನ ಡಿ.ಸಿ.ಗಾಗಿ ಇರುವಂಥವು. ಗೋಡೆಯ ಸಾಕೆಟ್ಟಿನ 230 ವೋಲ್ಟನ್ನು ತಗ್ಗಿಸುವ ಕೆಲಸ ಇವುಗಳದಲ್ಲ. ಅದಕ್ಕೆ ಪ್ರಾಥಮಿಕ ಮತ್ತು ದ್ವಿತೀಯ ಭಾಗಗಳ ನಡುವೆ ವಿದ್ಯುತ್ ಪ್ರತ್ಯೇಕತೆಯುಳ್ಳ, ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾದ ಅಡಾಪ್ಟರನ್ನೇ ಬಳಸಬೇಕು. ಮಾಹಿತಿ ತಂತ್ರಜ್ಞಾನ ಉಪಕರಣಗಳ ಅಡಾಪ್ಟರುಗಳಿಗೆ ಇಂಥ ನೋಂದಣಿಯನ್ನು ಕೇಂದ್ರ ಸರ್ಕಾರವು ಕಡ್ಡಾಯಗೊಳಿಸಿದೆ. ಒಂದು ಕೆಪಾಸಿಟರ್ ಮತ್ತು ನಾಲ್ಕು ಡಯೋಡುಗಳಿಂದ 230 ವೋಲ್ಟನ್ನು ಇಳಿಸುವ ಅಗ್ಗದ ಮಂಡಲಗಳಲ್ಲಿ ಈ ಪ್ರತ್ಯೇಕತೆ ಇರುವುದಿಲ್ಲ. ಹೊರಗೆ 5 ವೋಲ್ಟ್ ತೋರಿದರೂ ಮುಟ್ಟಿದವನಿಗೆ ಮಾರಣಾಂತಿಕ ಆಘಾತವಾಗಬಹುದು. ಒದ್ದೆ ನೆಲದ ರೇಷ್ಮೆ ಮನೆಯಲ್ಲಾಗಲಿ, ಬಾವಿಕಟ್ಟೆಯ ಪಕ್ಕದ ಪಂಪ್ ಮನೆಯಲ್ಲಾಗಲಿ ಇಂಥದ್ದಕ್ಕೆ ಎಡೆಯೇ ಇರಕೂಡದು. ವಿದ್ಯಾರ್ಥಿಗೆ ಮಾರುವಾಗ ‘ಮೊದಲು ಒಳ್ಳೆಯ 12 ವೋಲ್ಟಿನ ಅಡಾಪ್ಟರು, ಅನಂತರ ಬಕ್ ಕನ್ವರ್ಟರು’ ಎಂಬ ಜೋಡಿಯನ್ನೇ ಸೂಚಿಸುವ ಪದ್ಧತಿ ನಮ್ಮ ಅಂಗಡಿಗಳಲ್ಲಿ ಬೆಳೆಯಬೇಕು.

ವರ್ತಕರ ಆಕ್ಷೇಪಗಳು

‘ಇದರಲ್ಲಿ ಲಾಭವೆಷ್ಟು?’ ಎಂಬುದು ಮೊದಲ ಪ್ರಶ್ನೆ. ನೂರು ರೂಪಾಯಿಯ ಆಸುಪಾಸಿನ, ಕೆಲವೊಮ್ಮೆ ಅದಕ್ಕೂ ಕಡಿಮೆ ಬೆಲೆಯ ವಸ್ತುವಿನಲ್ಲಿ ಸಿಗುವ ಲಾಭ ಅಲ್ಪವೇ. ಆದರೆ ಪರಿವರ್ತಕ ಕೊಳ್ಳಲು ಬಂದವನಿಗೆ ಅಡಾಪ್ಟರು, ಬ್ಯಾಟರಿ, ತಂತಿ, ಕನೆಕ್ಟರ್, ಫ್ಯೂಸ್, ಪೆಟ್ಟಿಗೆ, ಬೆಸುಗೆ ಸೀಸಗಳೆಲ್ಲವೂ ಬೇಕು. ಇವುಗಳಲ್ಲಿ ಬಹುತೇಕ ವಸ್ತುಗಳು ನಮ್ಮ ಅಂಗಡಿಗಳಲ್ಲಿ ಈಗಾಗಲೇ ಇವೆ. ಬಿಲ್ಲೆ ಸಿಗದ ಕಾರಣ ಆತ ಉಳಿದುದನ್ನೂ ಆನ್‌ಲೈನಿನಲ್ಲಿ ತರಿಸುತ್ತಾನೆ, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತಾನೆ. ನಾವು ಕಳೆದುಕೊಳ್ಳುತ್ತಿರುವುದು ಇಡೀ ಗಿರಾಕಿಯನ್ನು.

‘ಸುಟ್ಟು ತಂದು ವಾಪಸು ಕೊಟ್ಟರೆ?’ ಎಂಬುದು ಎರಡನೆಯದು. ಈ ಆತಂಕ ಸಹಜ. ಇದಕ್ಕೆ ಪರಿಹಾರ ಮಾರುವ ಮೊದಲಿನ ಪರೀಕ್ಷೆ. ಒಂದು 12 ವೋಲ್ಟಿನ ಬ್ಯಾಟರಿ, ಒಂದು ಮಲ್ಟಿಮೀಟರ್, 4.7 ಓಮ್ 10 ವಾಟಿನ ಒಂದು ಸಿಮೆಂಟ್ ರೆಸಿಸ್ಟರ್ ಇದ್ದರೆ ಸಾಕು. ಬಿಲ್ಲೆಯನ್ನು 5 ವೋಲ್ಟಿಗೆ ಹೊಂದಿಸಿ ಆ ರೆಸಿಸ್ಟರನ್ನು ಜೋಡಿಸಿದರೆ ಸುಮಾರು 1 ಆಂಪಿಯರ್ ಹರಿಯುತ್ತದೆ. ಅರ್ಧ ಗಂಟೆಯ ನಂತರವೂ ವೋಲ್ಟೇಜ್ ಸ್ಥಿರವಾಗಿದ್ದು ಚಿಪ್ಪು ವಿಪರೀತ ಕಾಯದಿದ್ದರೆ ಬಿಲ್ಲೆ ಸಾಧಾರಣ ಕೆಲಸಕ್ಕೆ ಯೋಗ್ಯ. ರೆಸಿಸ್ಟರು ಮಾತ್ರ ಬಹಳ ಬಿಸಿಯಾಗುವುದರಿಂದ ಅದನ್ನು ಮುಟ್ಟಬಾರದು. ಪ್ರತಿ ಸರಕಿನಿಂದ ನಾಲ್ಕಾರು ಬಿಲ್ಲೆಗಳನ್ನು ಹೀಗೆ ಪರೀಕ್ಷಿಸಿ, ‘1 ಆಂಪಿಯರಿನಲ್ಲಿ ಪರೀಕ್ಷಿತ’ ಎಂಬ ಚೀಟಿ ಅಂಟಿಸಿ, ಬಿಲ್ಲಿನೊಡನೆ ಮಾರಿದರೆ ವಿವಾದಗಳು ತಾವಾಗಿ ತಗ್ಗುತ್ತವೆ. ಪರೀಕ್ಷಿತ ಬಿಲ್ಲೆಗೆ ಕೆಲವು ರೂಪಾಯಿ ಹೆಚ್ಚು ತೆರಲು ಗಿರಾಕಿ ಹಿಂಜರಿಯಲಾರನು.

2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ವಸ್ತುವಿನಿಂದಾಗುವ ಹಾನಿಗೆ ತಯಾರಕನಷ್ಟೇ ಅಲ್ಲದೆ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆಯಾಗಿಸಿದೆ ಎಂಬುದನ್ನು ನಮ್ಮ ಬಂಧುಗಳು ಮರೆಯಬಾರದು. ತಯಾರಕ ಯಾರೆಂದೇ ತಿಳಿಯದ ಸರಕನ್ನು ಬಿಲ್ಲಿಲ್ಲದೆ ತಂದು ಬಿಲ್ಲಿಲ್ಲದೆ ಮಾರುವುದು ಈ ದೃಷ್ಟಿಯಿಂದಲೂ ಅಪಾಯಕಾರಿ. ಜಿ.ಎಸ್.ಟಿ. ಬಿಲ್ಲಿನೊಂದಿಗೆ ಕೊಂಡರೆ ಹೂಡುವಳಿ ತೆರಿಗೆಯ ಜಮೆಯೂ ದೊರೆಯುತ್ತದೆ, ಸರಬರಾಜುದಾರನೂ ಕೈಗೆ ಸಿಗುತ್ತಾನೆ.

‘ನಮಗೆ ಈ ವಿದ್ಯೆ ತಿಳಿಯದು’ ಎಂಬುದು ಮೂರನೆಯ ಮಾತು. ಮೋಟಾರ್ ರೀವೈಂಡಿಂಗ್, ಸ್ಟೆಬಿಲೈಸರ್, ಯು.ಪಿ.ಎಸ್. ದುರಸ್ತಿಗಳನ್ನು ಕೈಗೂಡಿಸಿಕೊಂಡ ನಮ್ಮ ಪೇಟೆಗಳಿಗೆ ಇದು ಅಸಾಧ್ಯವಾದ ವಿದ್ಯೆಯಲ್ಲ. ಯು.ಪಿ.ಎಸ್., ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರ್‌ಗಳೊಳಗೆ ನಡೆಯುವುದೂ ಇದೇ ಜಾತಿಯ ಸ್ವಿಚ್ಚಿಂಗ್. ಒಂದನ್ನು ಅರಿತವನು ಮತ್ತೊಂದನ್ನು ದುರಸ್ತಿ ಮಾಡಬಲ್ಲನು.

ಸಂಸ್ಥೆಯು ಮಾಡಬಹುದಾದುದು

ಬಿಡಿ ವರ್ತಕರಿಂದ ಆಗದ ಕೆಲವು ಕಾರ್ಯಗಳನ್ನು ನಮ್ಮ ವಾಣಿಜ್ಯ ಸಂಸ್ಥೆಯು ಕೈಗೆತ್ತಿಕೊಳ್ಳಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

ಮೊದಲನೆಯದಾಗಿ, ಮೂರು ಪಟ್ಟಣಗಳ ಆಸಕ್ತ ವರ್ತಕರು ಒಟ್ಟಾಗಿ ಸರಕು ಕೊಳ್ಳುವ ವ್ಯವಸ್ಥೆ. ಐವತ್ತು ಬಿಲ್ಲೆ ಕೊಳ್ಳುವವನಿಗೆ ಸಿಗದ ಬೆಲೆ ಮತ್ತು ಖಾತ್ರಿ ಸಾವಿರ ಬಿಲ್ಲೆ ಕೊಳ್ಳುವ ಕೂಟಕ್ಕೆ ಸಿಗುತ್ತದೆ. ಎರಡನೆಯದಾಗಿ, ಇಂಜಿನಿಯರಿಂಗ್ ಕಾಲೇಜಿನ ಅಥವಾ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದೊಡನೆ ಒಪ್ಪಂದ ಮಾಡಿಕೊಂಡು ಹೊಸ ಸರಕಿನ ಮಾದರಿಗಳನ್ನು ಆಸಿಲೋಸ್ಕೋಪಿನಲ್ಲಿ ಪರೀಕ್ಷಿಸುವುದು. ಆವರ್ತನ 150 ಕಿಲೋಹರ್ಟ್ಸ್ ಇದೆಯೋ 50 ಇದೆಯೋ ಎಂಬುದು ಐದು ನಿಮಿಷದ ಕೆಲಸ. ವಿದ್ಯಾರ್ಥಿಗಳಿಗೆ ಅದೇ ಪಾಠವೂ ಆಗುತ್ತದೆ. ಮೂರನೆಯದಾಗಿ, ಪ್ರತಿ ಬಿಲ್ಲೆಯೊಂದಿಗೆ ಕೊಡಬೇಕಾದ ಒಂದು ಪುಟದ ಕನ್ನಡ ಸೂಚನಾಪತ್ರ. ಒಳಬರುವ ವೋಲ್ಟೇಜಿನ ಮಿತಿ, ನಿರಂತರ ಪ್ರವಾಹದ ಮಿತಿ, ಹೊರೆ ಜೋಡಿಸುವ ಮೊದಲೇ ವೋಲ್ಟೇಜ್ ಹೊಂದಿಸಬೇಕೆಂಬ ಎಚ್ಚರಿಕೆ, ಫ್ಯೂಸಿನ ಸೂಚನೆ, 230 ವೋಲ್ಟಿಗೆ ಜೋಡಿಸಕೂಡದೆಂಬ ನಿಷೇಧ, ಇಷ್ಟಿದ್ದರೆ ಸಾಕು. ನಾಲ್ಕನೆಯದಾಗಿ, ರಿಪೇರಿ ಅಂಗಡಿಗಳವರಿಗೂ ಐ.ಟಿ.ಐ. ವಿದ್ಯಾರ್ಥಿಗಳಿಗೂ ಒಟ್ಟಾಗಿ ವರ್ಷಕ್ಕೊಮ್ಮೆಯಾದರೂ ಒಂದು ದಿನದ ತರಬೇತಿ ಶಿಬಿರ.

ಹವ್ಯಾಸಕ್ಕೂ ಉದ್ದಿಮೆಗೂ ನಡುವಣ ಅಂತರವನ್ನು ವಿದ್ಯಾರ್ಥಿಗಳೂ ಅರಿಯಬೇಕಾಗಿದೆ. ಪ್ರದರ್ಶನದ ದಿನ ಒಂದು ಗಂಟೆ ನಡೆದ ಮಾದರಿಯು ಹೊಲದಲ್ಲಿ ಮೂರು ವರ್ಷ ನಡೆಯುವುದೆಂಬ ಖಾತ್ರಿಯಿಲ್ಲ. ಧೂಳು, ಇರುವೆ, ತೇವ, ಸಿಡಿಲು, ಕುಸಿಯುವ ವೋಲ್ಟೇಜುಗಳನ್ನು ತಾಳಿಕೊಳ್ಳುವಂತೆ ರೂಪಿಸಿದಾಗಲೇ ಅದು ಸರಕು. ಆ ದಾರಿಯಲ್ಲಿ ಮೊದಲು ಗಟ್ಟಿಯಾಗಬೇಕಾದುದು ವಿದ್ಯುತ್ ಪೂರೈಕೆಯ ಭಾಗವೇ. ಅಡಿಪಾಯ ಸಡಿಲವಾದ ಮನೆಗೆ ಬಣ್ಣ ಬಳಿದು ಫಲವೇನು?

ಇವು ಆಟಿಕೆಗಳೆಂದೇ ಭಾವಿಸುವವರು ಒಂದು ಅಂಶವನ್ನು ಗಮನಿಸಬೇಕು. ನಮ್ಮ ಜಿಲ್ಲೆಯಲ್ಲಿ ಓದಿದ ಇಂಜಿನಿಯರುಗಳು ಉದ್ಯೋಗಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವುದನ್ನು ಕುರಿತು ನಾವು ಸಭೆಗಳಲ್ಲಿ ವಿಷಾದ ವ್ಯಕ್ತಪಡಿಸುತ್ತೇವೆ. ಅವರು ಇಲ್ಲಿಯೇ ಉಳಿದು ಪಂಪ್‌ಸೆಟ್ಟಿಗೆ, ರೇಷ್ಮೆ ಮನೆಗೆ, ಆಲೆಮನೆಗೆ, ಅಕ್ಕಿ ಗಿರಣಿಗೆ ಬೇಕಾದ ಸಲಕರಣೆಗಳನ್ನು ತಯಾರಿಸಬೇಕೆಂದು ಬಯಸುವುದಾದರೆ, ನೂರು ರೂಪಾಯಿಯ ಒಂದು ಭಾಗಕ್ಕಾಗಿ ಅವರು ನಾಲ್ಕು ದಿನ ಕಾಯುವ ಸ್ಥಿತಿಯನ್ನು ಮೊದಲು ತಪ್ಪಿಸಬೇಕು.

ಒಂದು ಶತಮಾನದ ಹಿಂದೆ ಈ ನೆಲದಿಂದ ಹೊರಟ ವಿದ್ಯುತ್ತು ದೂರದ ಗಣಿಗಳನ್ನು ನಡೆಸಿತು. ಈಗ ಇದೇ ನೆಲದ ಸಣ್ಣ ಉದ್ದಿಮೆಗಳನ್ನು ನಡೆಸಬಲ್ಲ ತಂತ್ರಜ್ಞಾನವು ಕೈಗೆಟಕುವ ಬೆಲೆಯಲ್ಲಿದೆ. ಅದನ್ನು ಪರೀಕ್ಷಿಸಿ, ಬಿಲ್ಲು ಕೊಟ್ಟು, ತಿಳಿವಳಿಕೆಯೊಡನೆ ಮಾರುವ ಹತ್ತು ಅಂಗಡಿಗಳು ಮೂರು ಪಟ್ಟಣಗಳಲ್ಲಿ ಸೇರಿ ಸಿದ್ಧವಾದರೆ ಸಾಕು. ಸಂಸ್ಥೆಯ ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಸ್ಥಾನ ದೊರೆಯಲಿ, ಆಸಕ್ತ ಸದಸ್ಯರು ತಮ್ಮ ಹೆಸರುಗಳನ್ನು ಕಾರ್ಯದರ್ಶಿಗಳಲ್ಲಿ ನೋಂದಾಯಿಸಲಿ ಎಂದು ಕೋರುತ್ತೇನೆ.